ಆರನೇ ಕೆಂಪು ಗುಂಡಿ

ನವೆಂಬರ್ 3

ಇಸ್ತ್ರಿ,

ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ. ತಿರುವಿನಲ್ಲಿ ನಮ್ಮ ಕಾರ್ಖಾನೆ ಬಸ್ಸಿನ ಬಸ್ಸಣ್ಣ ಬ್ರೇಕು ಒತ್ತಿದ ಕಿರ್ರ್ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅಂದಮಾತ್ರಕ್ಕೆ ಮಲಗಿದ್ದೆ ಎಂದು ತಿಳಿಯಬೇಡ. ಈ ಮನೆಯಲ್ಲಿ ಈಗ ನಿದ್ದೆ ಎಂಬುದು ಬೇಡದ ನೆಂಟ. ಬಾಗಿಲವರೆಗೆ ಬಂದು, ಪುಟ್ಟಿ ಒಂದು ಸಲ ಕೆಮ್ಮಿದರೆ ತಿರುಗಿ ಹೋಗುತ್ತದೆ. ಅವಳಿಗೆ ಮೂರು ವಾರ. ಅತ್ತರೆ ಭಯ, ಅಳದೆ ಸುಮ್ಮನಿದ್ದರೆ ಇನ್ನೂ ಭಯ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ರಾತ್ರಿಗೆ ಎಷ್ಟು ಸಲ ಎಂದು ಕೇಳಬೇಡ, ನಗುತ್ತೀಯ.

ಫೋನ್ ಮಾಡದೆ ಕಾಗದ ಯಾಕೆ ಅಂತೀಯ. ನೀನು ರಾತ್ರಿ ಪಾಳಿಯವಳು, ಮನೆಯಲ್ಲಿದ್ದರೆ ನಿದ್ದೆ, ಕೆಲಸದಲ್ಲಿದ್ದರೆ ನಿನ್ನ ಫೋನು ಗೇಟಿನ ಪೆಟ್ಟಿಗೆಯಲ್ಲಿ. ಅದೂ ಅಲ್ಲದೆ ನಾವು ಐದು ವರ್ಷ ಎದುರುಬದುರು ನಿಂತು, ಲಾಂಡ್ರಿಯ ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸದೆ, ಹೋಟೆಲ್ ಚಾದರಗಳ ಲೇಬಲ್ ಹಿಂದೆ ಚೀಟಿ ಬರೆದುಕೊಂಡು ಬದುಕಿದವರು. ನನಗೆ ಚೀಟಿ, ನಿನಗೆ ಇಸ್ತ್ರಿ ಎಂಬ ಹೆಸರು ಬಂದದ್ದೇ ಅಲ್ಲಿ. ಬಾಯಲ್ಲಿ ಮಾತಾಡಿದರೆ ನೀನು ಬೇರೆ ಯಾರೋ ಅನ್ನಿಸುತ್ತೀಯ. ಬಸ್ಸಣ್ಣ ತರುತ್ತೇನೆ ಎಂದಿದ್ದಾನೆ. "ಟಿಕೆಟ್ ಇಲ್ಲದ ಪ್ರಯಾಣಿಕ ನಿನ್ ಕಾಗದ ಒಂದೇ ಕಣಮ್ಮ" ಅಂದ.

ನಾನು ರಜೆಗೆ ಹೊರಟ ದಿನ ಕ್ಷೇಮ ಸಮಿತಿಯಲ್ಲಿ ನನ್ನ ಕುರ್ಚಿ ನಿನಗೆ ಕೊಟ್ಟೆನಲ್ಲ, ಅದರ ಕಥೆ ಹೇಳು. ಮ್ಯಾನೇಜರ್ ಮೊದಲ ಸಭೆಯಲ್ಲಿ "ನಿಮ್ಮ ಆರೋಗ್ಯಕ್ಕೆ ಏನು ಬೇಕು ಅಂತ ನೀವೇ ಹೇಳಬೇಕು, ನಾನಲ್ಲ" ಎಂದಾಗ ಎಲ್ಲರೂ ಛಾವಣಿ ನೋಡಿದ್ದೆವು. ಬಸ್ಸಣ್ಣ ಮಾತ್ರ "ಮ್ಯಾನೇಜರ್‌ಗೆ ಒಂದು ತಿಂಗಳು ರಜೆ ಕೊಡಿ, ನಮ್ಮ ಆರೋಗ್ಯ ತಾನಾಗೇ ಸುಧಾರಿಸುತ್ತೆ" ಎಂದು ಬರೆದು ಸಲಹೆ ಪೆಟ್ಟಿಗೆಗೆ ಹಾಕಿದ್ದ. ಆಮೇಲೆ ನಾನು ಬರೆದ ಮೂರು ಚೀಟಿ ಮೂರೂ ಒಪ್ಪಿಗೆಯಾದವು. ಡ್ರೈಯರ್‌ಗಳ ಹಿಂದಿನ ಸೋಪಿನ ಉಗ್ರಾಣವನ್ನು ವಿಶ್ರಾಂತಿ ಕೋಣೆ ಮಾಡುವುದು. ಅದರ ಗೋಡೆಯಲ್ಲಿನ ತಟ್ಟೆಯಗಲದ ಕಿಂಡಿಯನ್ನು ಮುಚ್ಚುವುದು, ಅಲ್ಲಿಂದ ನುಗ್ಗುವ ಚಳಿಗೆ ಎಲ್ಲರ ಭುಜ ಹಿಡಿದುಕೊಂಡಿತ್ತಲ್ಲ. ಮತ್ತೆ ಗುಂಡಿಯ ಭರಣಿ.

ಒಗೆಯುವ ಯಂತ್ರದ ತಳದಲ್ಲಿ ಸಿಗುವ ಅನಾಥ ಗುಂಡಿಗಳನ್ನು ನಾನು ಕೂಡಿಟ್ಟಿದ್ದು ಸಾರ್ಥಕವಾಯಿತು ನೋಡು. ಪಾಳಿಗೆ ಬಂದವರು ಚೆನ್ನಾಗಿದ್ದರೆ ಬಿಳಿ, ಸುಮಾರಾಗಿದ್ದರೆ ಹಳದಿ, ಮೈ ಸರಿಯಿಲ್ಲದಿದ್ದರೆ ಕೆಂಪು. ಹೆಸರು ಬೇಡ, ನಾಚಿಕೆ ಬೇಡ. ಕೆಂಪು ಗುಂಡಿ ಯಾರ ಬಟ್ಟೆಯಿಂದಲೂ ಬೀಳದೆ ಕೊನೆಗೆ ನನ್ನ ಸ್ವೆಟರಿನ ಆರನ್ನೂ ಕಿತ್ತುಕೊಟ್ಟೆ. ಈಗ ಅದಕ್ಕೆ ಪಿನ್ನು ಚುಚ್ಚಿಕೊಂಡು ತಿರುಗುತ್ತಿದ್ದೇನೆ.

ಕೋಣೆ ಹೇಗಿದೆ? ಸಿಳ್ಳೆ ಮೇಸ್ತ್ರಿ ಬಾಯಿ ಮುಚ್ಚಿದನೇ?

ನಿನ್ನ,
ಚೀಟಿ


ನವೆಂಬರ್ 12

ಚೀಟಿ,

ಮುಚ್ಚಿದ. ಬಡಗಿ ಬಂದು ಕಿಂಡಿಗೆ ಹಳೆಯ ಕಂಬಳಿ ತುರುಕಿ, ಮೇಲೆ ಹಲಗೆ ಹೊಡೆದು, ಸುತ್ತ ಮೆತ್ತಿದ್ದಾನೆ. ಇಷ್ಟು ವರ್ಷ ಗಾಳಿ ಬಂದಾಗಲೆಲ್ಲ ಸಿಳ್ಳೆ ಹಾಕಿ ನಮ್ಮನ್ನು ಬೆಚ್ಚಿಬೀಳಿಸುತ್ತಿದ್ದವನ ಉಸಿರೇ ನಿಂತಿತು. ನಮ್ಮ ಪಾಳಿಯ ದೊಡ್ಡಮ್ಮ "ನನ್ ಗಂಡನ ಬಾಯಿಗೂ ಒಂದು ಹಲಗೆ ಹೊಡೆಸ್ರೇ, ಪುಣ್ಯ ಬರುತ್ತೆ" ಅಂದಳು. ಹಲಗೆಯ ಮೇಲೆ ಬೋರ್ಡು ಬೇರೆ: "ಈ ಸಲಹೆ ಕೊಟ್ಟವರು: ಚೀಟಿ." ನೀನು ಸತ್ತಮೇಲೂ ಇರುತ್ತೆ, ಸಂತೋಷಪಡು.

ಕೋಣೆಯ ಸುಖ ಏನು ಹೇಳಲಿ. ಹಿಂದೆ ಹನ್ನೆರಡು ಡ್ರೈಯರ್ ಗ್ಯಾಸಿನಲ್ಲಿ ಉರಿಯುತ್ತವೆ, ಗೋಡೆ ಮುಟ್ಟಿದರೆ ಬಾಣಂತಿಯ ಬೆನ್ನಿನ ಹಾಗೆ ಬೆಚ್ಚಗೆ. ಆರು ಮಂಚ. ರಾತ್ರಿ ಎರಡು ಗಂಟೆಗೆ ಒಂದು ಸರದಿ, ಬೆಳಗಿನ ಜಾವ ಐದಕ್ಕೆ ಒಂದು. ನನ್ನದು ಐದರದು. ತಲೆ ಇಟ್ಟಿದ್ದೇ ಗೊತ್ತು. ಜನ್ಮದಲ್ಲಿ ಹಾಗೆ ಮಲಗಿಲ್ಲ ಕಣೇ. ಕನಸೂ ಬರಲ್ಲ. ನಿನಗೆ ಹೊಟ್ಟೆಕಿಚ್ಚಾಗಲಿ ಅಂತಲೇ ಬರೆಯುತ್ತಿದ್ದೇನೆ.

ಇನ್ನೊಂದು. ಉಗ್ರಾಣದ ಬೆಕ್ಕು ಮಂಚದ ಕೆಳಗೆ ನಾಲ್ಕು ಮರಿ ಹಾಕಿದೆ. ನಿನ್ನ ಹಾಗೇ ಕಣ್ಣು ಮಿಟುಕಿಸದೆ ಕಾಯುತ್ತೆ.

ಮ್ಯಾನೇಜರ್ ಹೊಸದಾಗಿ ಒಂದು ಹೇಳಿದ್ದಾರೆ. ಮೂವತ್ತು ದಿನ ಒಂದೂ ಕೆಂಪು ಗುಂಡಿ ಬೀಳದ ವಿಭಾಗಕ್ಕೆ ಮನೆಮಂದಿ ಸಮೇತ ಒಂದು ದಿನದ ಪ್ರವಾಸ. ಹತ್ತನೇ ತಾರೀಖಿನಿಂದ ಲೆಕ್ಕ ಶುರು. ಪುಟ್ಟಿಯನ್ನೂ ಕರೆದುಕೊಂಡು ಬಾ. ಅವಳಿಗೆ ಟೋಪಿ ಹೆಣೆಯುತ್ತಿದ್ದೇನೆ, ಅರ್ಧ ಆಗಿದೆ. ಅಲ್ಲಿ ನಾನೇ ತೊಡಿಸಬೇಕು, ಅಲ್ಲಿಯವರೆಗೆ ಕೇಳಬೇಡ.

ಇಸ್ತ್ರಿ


ನವೆಂಬರ್ 30

ಇಸ್ತ್ರಿ,

ಇವರು ಹೋದರು. ನದಿಯ ಮೇಲಿನ ಸೇತುವೆಗೆ ಬಣ್ಣ ಬಳಿಯುವುದು ಮುಗಿಯಬೇಕಾದರೆ ಎರಡು ತಿಂಗಳಂತೆ. ಹೊರಡುವ ಮೊದಲು ಬಚ್ಚಲುಮನೆಗೆ ಗ್ಯಾಸಿನ ಹೀಟರ್ ಹಾಕಿಸಿಕೊಟ್ಟಿದ್ದಾರೆ, ಪುಟ್ಟಿಗೆ ನೀರು ಕಾಯಿಸಲು. ಈಗ ನಾನು, ಅವಳು, ಗೋಡೆ ಗಡಿಯಾರ. ಚಳಿ ಎಲ್ಲೆಲ್ಲಿಂದ ಬರುತ್ತದೆ ಎಂದು ಮೇಣದಬತ್ತಿ ಹಿಡಿದು ಸಂದುಗೊಂದು ಹುಡುಕಿ, ಹಳೆಯ ಬಟ್ಟೆ ತುರುಕುತ್ತಿದ್ದೇನೆ. ಬಚ್ಚಲ ಕಿಂಡಿಗೂ ಬಟ್ಟೆ ಗಿಡಿದೆ. ಮನೆ ಡಬ್ಬಿಯ ಹಾಗಾಗಿದೆ. ಅಮ್ಮನಾದವಳ ಕೆಲಸ ಅದೇ ತಾನೇ, ತೂತು ಮುಚ್ಚುವುದು.

ಆದರೆ ಗುಂಡಿಯ ವಿಷಯ ನನಗೆ ಹಿಡಿಸಲಿಲ್ಲ. ಕೆಂಪು ಹಾಕಿದರೆ ಪ್ರವಾಸ ಹೋಗುತ್ತದೆ ಎಂದಮೇಲೆ ಯಾರು ಹಾಕುತ್ತಾರೆ? ನಾನು ಆ ಭರಣಿ ಇಟ್ಟದ್ದು ನೋವು ಹೇಳಿಕೊಳ್ಳಲು, ನುಂಗಿಕೊಳ್ಳಲು ಅಲ್ಲ. ಸಭೆಯಲ್ಲಿ ಇದನ್ನು ಹೇಳು. ನಿನಗೆ ಏನೂ ಇಲ್ಲ ತಾನೇ? ಹೋದ ಕಾಗದದಲ್ಲಿ ನಿನ್ನ ಅಕ್ಷರ ಕೊನೆಕೊನೆಗೆ ಕೆಳಗೆ ಇಳಿದಿತ್ತು.

ಚೀಟಿ


ಡಿಸೆಂಬರ್ 7

ಚೀಟಿ,

ಅಕ್ಷರ ಇಳಿದರೆ ಅದಕ್ಕೂ ನಿನಗೆ ಚಿಂತೆ. ತಲೆನೋವು ಇತ್ತು, ಅಷ್ಟೇ. ಎಲ್ಲರಿಗೂ ಇದೆ. ಕೆಲವರಿಗೆ ವಾಕರಿಕೆ. ತಮಾಷೆ ಅಂದರೆ ರಜೆಯ ದಿನ ಯಾರಿಗೂ ಇಲ್ಲ. ಬಸ್ಸಣ್ಣ "ಇದು ಕೆಲಸಗಳ್ಳರ ಜ್ವರ, ಭಾನುವಾರ ಇಳಿದು ಸೋಮವಾರ ಏರುತ್ತೆ" ಅಂತ ಆಡಿಕೊಂಡು ನಗಿಸುತ್ತಾನೆ. ತಲೆನೋವಿಗೆ ಮದ್ದು ಆ ಕೋಣೆಯೇ. ಹೋಗಿ ಬಿದ್ದುಕೊಂಡರೆ ನೋವೂ ಗೊತ್ತಾಗಲ್ಲ, ನಾವೂ ಗೊತ್ತಾಗಲ್ಲ.

ನಿನ್ನೆ ದೊಡ್ಡಮ್ಮ ಎರಡರ ಸರದಿಗೆ ಹೋದವಳು ಗಂಟೆ ಹೊಡೆದರೂ ಏಳಲಿಲ್ಲ. ಅಲುಗಾಡಿಸಿದೆವು, ಕೆನ್ನೆಗೆ ತಟ್ಟಿದೆವು. ಇಬ್ಬರು ಹೊತ್ತು ಹೊರಗೆ ತಂದು ಮುಖಕ್ಕೆ ನೀರು ಹಾಕಿದ ಮೇಲೆ ಕಣ್ಣು ಬಿಟ್ಟು "ಯಾಕ್ರೇ ಎಬ್ಬಿಸಿದ್ರಿ, ಎಷ್ಟ್ ಚೆನ್ನಾಗಿತ್ತು" ಅಂದಳು. ಆಮೇಲೆ ವಾಂತಿ. ಬಿಪಿ ಇರಬೇಕು, ವಯಸ್ಸಾಯಿತಲ್ಲ. ಹದಿನೈದು ದಿನ ರಜೆ ಹಾಕಿಸಿ ಮನೆಗೆ ಕಳಿಸಿದ್ದೇವೆ. ರಜೆಯಲ್ಲಿರುವವರು ಗುಂಡಿ ಹಾಕಬೇಕಿಲ್ಲ, ಹಾಗಾಗಿ ಭರಣಿ ಬೆಳ್ಳಗೇ ಇದೆ. ಇನ್ನು ಎರಡೇ ದಿನ ಕಣೇ. ದಮ್ಮಯ್ಯ, ಯಾರ ಹತ್ತಿರವೂ ಬಾಯಿಬಿಡಬೇಡ.

ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಹೋಗಿ ಸೈಕಲ್ ಶೆಡ್ಡಿನಲ್ಲಿ ಇಟ್ಟಿದೆ. ಮೂರನ್ನು. ನಾಲ್ಕನೆಯದು ಮಂಚದ ಕೆಳಗೇ ಸತ್ತಿತ್ತು, ಬಡಕಲು. ಬೆಚ್ಚಗಿನ ಕೋಣೆ ಬಿಟ್ಟು ತಗಡಿನ ಶೆಡ್ಡು ಬೇಕಿತ್ತೇ ಅದಕ್ಕೆ? ಬೆಕ್ಕು ಮರಿ ಹಾಕಿದರೆ ಏಳು ಮನೆ ಸುತ್ತಿಸುತ್ತೆ ಅಂತಾರಲ್ಲ, ಆ ಜಾತಿಯೇ ಹಾಗೆ.

ಇಸ್ತ್ರಿ


ಡಿಸೆಂಬರ್ 8

ಇಸ್ತ್ರಿ,

ನೀನು ಬೇಡ ಅಂದದ್ದನ್ನೇ ಮಾಡಿದ್ದೇನೆ. ಕಾಗದ ಓದಿ ರಾತ್ರಿಯೆಲ್ಲ ಪುಟ್ಟಿಯ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದೆ. ಎಬ್ಬಿಸಿದರೂ ಏಳದ ನಿದ್ದೆ ಎಂಥ ನಿದ್ದೆ? ದೊಡ್ಡಮ್ಮನದು ಕೆಂಪು ಗುಂಡಿ, ಅದನ್ನು ಲೆಕ್ಕಕ್ಕೆ ಹಿಡಿಯಿರಿ, ಎಲ್ಲರಿಗೂ ಯಾಕೆ ತಲೆನೋವು ಎಂದು ಡಾಕ್ಟರನ್ನು ಕರೆಸಿ ಕೇಳಿ ಎಂದು ಮ್ಯಾನೇಜರ್‌ಗೆ ಬರೆದಿದ್ದೇನೆ. ಈ ಕಾಗದದ ಜೊತೆ ಅದೂ ಬಸ್ಸಿನಲ್ಲೇ ಬರುತ್ತಿದೆ. ನನ್ನ ಹೆಸರಿನಲ್ಲೇ ಬರೆದಿದ್ದೇನೆ, ನಿನ್ನ ಹೆಸರು ಎತ್ತಿಲ್ಲ.

ಬೈದುಕೋ. ಆದರೆ ನಿನಗೂ ತಲೆನೋವಿದ್ದರೆ ಒಂದು ಕೆಂಪು ಹಾಕು.

ಬೆಕ್ಕು ಈಗ ಎಷ್ಟನೇ ಮನೆಯಲ್ಲಿದೆ?

ಚೀಟಿ


ಡಿಸೆಂಬರ್ 18

ನಮಸ್ಕಾರ.

ನಿನ್ನ ಕಾಗದವನ್ನು ಮ್ಯಾನೇಜರ್ ನಿನ್ನೆ ಸಭೆಯಲ್ಲಿ ಗಟ್ಟಿಯಾಗಿ ಓದಿದರು. "ಇದು ನಿಮ್ಮದೇ ಸಮಿತಿ, ನಿಮ್ಮದೇ ಭರಣಿ, ನೀವೇ ತೀರ್ಮಾನಿಸಿ" ಅಂದರು. ದೊಡ್ಡಮ್ಮನ ಕೆಂಪು ಬಿತ್ತು. ಪ್ರವಾಸ ಹೋಯಿತು. ಇವತ್ತು ಮತ್ತೆ ಒಂದನೇ ದಿನ. ಡಾಕ್ಟರ್ ವಿಷಯ ಯಾರೂ ಎತ್ತಲಿಲ್ಲ. ಯಾರು ಹೇಳಿರಬೇಕು ಅಂತ ಎಲ್ಲರೂ ನನ್ನನ್ನೇ ನೋಡಿದರು. ಮಕ್ಕಳಿಗೆ ಆಸೆ ಹುಟ್ಟಿಸಿದ್ದ ತಾಯಂದಿರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಮನೆಯಲ್ಲಿ ಕೂತು ಮಗು ಆಡಿಸುವವರಿಗೆ ನಮ್ಮ ನಿದ್ದೆ ಕಂಡರೆ ಯಾಕಿಷ್ಟು ಉರಿ? ನಿನಗಿಲ್ಲದ್ದು ನಮಗೂ ಬೇಡವೇ?

ನಿನ್ನ ಗುಂಡಿಗಳನ್ನು ವಾಪಸು ಕಳಿಸುತ್ತಿದ್ದೇನೆ. ಸ್ವೆಟರಿಗೆ ಹೊಲಿದುಕೋ, ಚಳಿ ಇದೆ. ಇಲ್ಲಿ ಯಾರಿಗೂ ಅವು ಬೇಕಾಗಿಲ್ಲ. ಫೋನ್ ಮಾಡಬೇಡ, ಎತ್ತುವುದಿಲ್ಲ. ಬೆಕ್ಕು ಶೆಡ್ಡಿನಲ್ಲೇ ಇದೆ, ಕೇಳಿದ್ದೆಯಲ್ಲ.

ಇಸ್ತ್ರಿ ವಿಭಾಗದ ಪರವಾಗಿ,
ಕ್ಷೇಮ ಸಮಿತಿ ಸದಸ್ಯೆ


ಜನವರಿ 4

ಇಸ್ತ್ರಿ,

ಇದು ಮೂರನೆಯ ಕಾಗದ. ಮೊದಲೆರಡನ್ನು ನೀನು ಒಡೆಯದೆ ವಾಪಸು ಕಳಿಸಿದೆ. ಬಸ್ಸಣ್ಣ "ಪಾರ್ಟಿ ಗರಂ ಇದೆ ಕಣಮ್ಮ, ಸ್ವಲ್ಪ ಆರಲಿ" ಎಂದ. ನೀನು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಮಲಗುತ್ತೀಯಂತೆ, ನಿನ್ನ ನಿಲ್ದಾಣ ಬಂದರೂ ಕೂಗಿ ಎಬ್ಬಿಸಬೇಕಂತೆ. ಮೊನ್ನೆ ಮೆಟ್ಟಿಲು ತಪ್ಪಿದೆಯಂತೆ.

ಗುಂಡಿ ತಲುಪಿದವು. ಐದೇ ಇದ್ದವು. ಲಕೋಟೆ ಕೊಡವಿ ನೋಡಿದೆ. ಬಸ್ಸಣ್ಣ ಸೀಟಿನ ಕೆಳಗೆಲ್ಲ ಹುಡುಕಿದ. ಆರನೆಯದು ಎಲ್ಲಿ?

ಪುಟ್ಟಿ ನಗಲು ಕಲಿತಿದ್ದಾಳೆ.

ಚೀಟಿ


ಜನವರಿ 16, ಬೆಳಗಿನ ಜಾವ

ಇಸ್ತ್ರಿ,

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸಿಳ್ಳೆಯ ಸದ್ದಿಗೆ ಎಚ್ಚರವಾಯಿತು. ಇದನ್ನು ವಾಪಸು ಕಳಿಸಬೇಡ. ಸಿಟ್ಟನ್ನು ನಾಳೆ ತೀರಿಸಿಕೋ. ಈಗ ನಿಂತಲ್ಲೇ ಓದು.

ನಿದ್ದೆಗಣ್ಣಿನಲ್ಲಿ "ಮೇಸ್ತ್ರಿ ಬಂದ" ಎಂದು ಎದ್ದು ಕೂತೆ. ಕಾರ್ಖಾನೆಯಲ್ಲ, ಮನೆ. ಸಿಳ್ಳೆ ಬಚ್ಚಲುಮನೆಯಿಂದ ಬರುತ್ತಿತ್ತು, ಕಿಂಡಿಯೊಳಗಿಂದ. ಮೊನ್ನೆಯವರೆಗೆ ಆ ಕಿಂಡಿಗೆ ನಾನು ಬಟ್ಟೆ ಗಿಡಿದಿದ್ದೆ. ಹೀಟರ್ ರಿಪೇರಿಯವರು ಬಂದು ನೋಡಿ, ಆ ಬಟ್ಟೆಯನ್ನು ಎಳೆದು ನೆಲಕ್ಕೆ ಹಾಕಿದರು. ಆಮೇಲೆ ಬೈದರು. "ಬೆಂಕಿಗೂ ಉಸಿರು ಬೇಕಮ್ಮ. ಅದಕ್ಕೆ ಹೊರಗಿನ ಗಾಳಿ ಸಿಗದಿದ್ರೆ ಒಳಗಿರೋರ ಉಸಿರು ತಗೊಳ್ಳತ್ತೆ. ಹೊಗೆ ಕಾಣಲ್ಲ, ವಾಸನೆ ಬರಲ್ಲ. ತಲೆನೋವು ಬರತ್ತೆ, ವಾಂತಿ ಬರತ್ತೆ, ಆಮೇಲೆ ಒಳ್ಳೇ ನಿದ್ದೆ ಬರತ್ತೆ. ಮಗೂನ ಬೆಚ್ಚಗಿಡೋಕೆ ಹೋಗಿ ಮಲಗಿಸೇಬಿಡ್ತಿದ್ರಲ್ಲ" ಎಂದರು. ನನಗೆ ಅವಮಾನವಾಗಿ ಅತ್ತೆ. ಬರೀ ನನ್ನ ಮನೆ, ನನ್ನ ಮಗು ಎಂದುಕೊಂಡು ಅತ್ತೆ. ಎರಡು ದಿನ ಬೇಕಾಯಿತು ನನಗೆ, ಮತ್ತೆ ಒಂದು ಸಿಳ್ಳೆ.

ಆ ತಟ್ಟೆಯಗಲದ ತೂತು ಯಾರೋ ಮರೆತು ಬಿಟ್ಟಿದ್ದಲ್ಲ ಕಣೇ. ಹನ್ನೆರಡು ಬೆಂಕಿಗಳ ಮೂಗು ಅದು. ಅದಕ್ಕೆ ಕಂಬಳಿ ತುರುಕಿಸಿದವಳು ನಾನು. ಬೆಚ್ಚಗಿರಲಿ ಎಂದು ಬಾಗಿಲು ಮುಚ್ಚಿಕೊಂಡು ಆರು ಆರು ಜನ ಮಲಗುವ ಹಾಗೆ ಮಾಡಿದವಳೂ ನಾನೇ. ಬೋರ್ಡಿನಲ್ಲಿ ನನ್ನ ಹೆಸರೇ ಇದೆ.

ರಜೆಯ ದಿನ ತಲೆನೋವು ಯಾಕಿಲ್ಲ ಎಂದು ಈಗ ಗೊತ್ತಾಯಿತೇ? ದೊಡ್ಡಮ್ಮನಿಗೆ ಹೊರಗೆ ತಂದ ಮೇಲೆಯೇ ಯಾಕೆ ಎಚ್ಚರವಾಯಿತು? ಬೆಕ್ಕು. ಏಳು ಮನೆ ಸುತ್ತಿಸುತ್ತೆ ಎಂದು ನಕ್ಕೆವು. ಅದು ಏಳು ಮನೆ ಸುತ್ತಲಿಲ್ಲ ಇಸ್ತ್ರಿ, ಎರಡನೇ ಮನೆಯಲ್ಲೇ ನಿಂತಿತು. ಒಂದು ಮರಿ ಹೋದ ಮೇಲೆ ಉಳಿದ ಮೂರನ್ನು ಕಚ್ಚಿಕೊಂಡು ಆ ಕೋಣೆಯಿಂದ ಹೊರಗೆ ಓಡಿತು. ತಗಡಿನ ಚಳಿಯಾದರೂ ಪರವಾಗಿಲ್ಲ ಎಂದುಕೊಂಡಿತು. ಗಾದೆ ಗೊತ್ತಿದ್ದರಿಂದ ನಮಗೆ ಅದು ಕಾಣಲಿಲ್ಲ. ನಾನೂ ಒಬ್ಬ ತಾಯಿ, ನನಗೂ ಕಾಣಲಿಲ್ಲ.

ಗೇಟಿಗೆ ಫೋನ್ ಮಾಡಿದೆ. ಕಾವಲುಗಾರ "ಏನಮ್ಮ, ಮತ್ತೆ ದೂರಾ? ನಾಳೆ ಬೆಳಿಗ್ಗೆ ಬಹುಮಾನ ಕೊಡೋ ಹೊತ್ತಿಗೆ ಶುರು ಮಾಡಿದ್ರಾ?" ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತುತ್ತಿಲ್ಲ. ಮ್ಯಾನೇಜರ್ ಫೋನು ಆಫ್. ಅಗ್ನಿಶಾಮಕದವರಿಗೆ ಮಾಡಿದೆ.

"ಬೆಂಕಿ ಎಲ್ಲಿ?"

"ಬೆಂಕಿ ಬಿದ್ದಿಲ್ಲ."

"ಹೊಗೆ ಇದೆಯಾ?"

"ಇಲ್ಲ."

"ವಾಸನೆ?"

"ಇಲ್ಲ."

"ಮತ್ತೇನಿದೆ ಮೇಡಂ?"

"ಮಲಗಿದ್ದಾರೆ" ಎಂದೆ. ವಿಳಾಸ ಬರೆದುಕೊಂಡರು. ಗಾಡಿ ಎರಡೂ ನಗರದ ಆಚೆ ತುದಿಯಲ್ಲಿವೆಯಂತೆ, ಬಂದ ಕೂಡಲೇ ಕಳಿಸುತ್ತಾರಂತೆ.

ನಾನೇ ಪುಟ್ಟಿಯನ್ನು ಕಟ್ಟಿಕೊಂಡು ಬಸ್ಸು ಹತ್ತಬೇಕೆಂದು ಶಾಲು ಹೊದ್ದೆ. ಅವಳಿಗೆ ನಿನ್ನೆಯಿಂದ ಜ್ವರ, ಮೈ ಕೆಂಡ. ಬಾಗಿಲ ತನಕ ಹೋಗಿ ತಿರುಗಿ ಬಂದೆ. ಇದನ್ನು ನೀನು ಕ್ಷಮಿಸುತ್ತೀಯೋ ಇಲ್ಲವೋ ಗೊತ್ತಿಲ್ಲ. ಬಸ್ಸಣ್ಣನಿಗೆ ಬಾಯಲ್ಲೂ ಹೇಳುತ್ತೇನೆ. ಆದರೆ ಜೀವಮಾನವೆಲ್ಲ ತಮಾಷೆ ಮಾಡಿದವನು ಓಡಿ ಬಂದು "ಎಲ್ಲರೂ ಹೊರಗೆ ಬನ್ನಿ" ಎಂದು ಕೂಗಿದರೆ ನೀವೆಲ್ಲ ನಗುತ್ತೀರಿ. ಅದಕ್ಕೇ ಈ ಚೀಟಿ. ನೀನು ನನ್ನ ಬಾಯಿಯನ್ನು ಎಂದೂ ನಂಬಿದವಳಲ್ಲ, ಅಕ್ಷರವನ್ನು ನಂಬಿದವಳು.

ಬಸ್ಸು ನಾಲ್ಕೂ ನಲವತ್ತಕ್ಕೆ ಗೇಟು ಮುಟ್ಟುತ್ತದೆ. ನಿನ್ನ ಸರದಿ ಐದಕ್ಕೆ. ಆ ಕೋಣೆಗೆ ಹೋಗಬೇಡ. ಮಂಚಗಳ ಮೇಲೆ ಎರಡರ ಸರದಿಯವರು ಇನ್ನೂ ಇದ್ದರೆ "ಪಾಪ, ಮಲಗಲಿ" ಎನ್ನಬೇಡ, ಒಬ್ಬಳೇ ಒಳಗೆ ನುಗ್ಗಲೂ ಬೇಡ. ಮೊದಲು ಎಲ್ಲರನ್ನೂ ಕೂಗು, ಡ್ರೈಯರ್ ಆರಿಸಿ, ಶಟರು ಪೂರ್ತಿ ಎತ್ತಿಸು, ಬಾಗಿಲು ತೆರೆದಿಟ್ಟು, ಉಸಿರು ಬಿಗಿಹಿಡಿದು ಎಳೆದು ತನ್ನಿ. ಹಲಗೆ ಕಿತ್ತು ಹಾಕಿ, ನನ್ನ ಬೋರ್ಡಿನ ಸಮೇತ.

ಐದೂ ಗುಂಡಿ ಈ ಲಕೋಟೆಯಲ್ಲಿವೆ. ಇವತ್ತು ಮೂವತ್ತನೇ ದಿನ ಎಂದು ನನಗೂ ಗೊತ್ತು. ಹಾಕು, ಐದನ್ನೂ ಭರಣಿಗೆ ಸುರಿ. ಆರನೆಯದನ್ನು ನೀನು ಯಾಕೆ ಇಟ್ಟುಕೊಂಡೆ ಎಂದು ನಾನು ಕೇಳುವುದಿಲ್ಲ. ಎಷ್ಟು ರಾತ್ರಿ ಅದನ್ನು ಮುಷ್ಟಿಯಲ್ಲಿ ಹಿಡಿದು ಭರಣಿಯ ಮುಂದೆ ನಿಂತು, ಮತ್ತೆ ಬಿಳಿಯನ್ನು ಹಾಕಿದೆ ಎಂದೂ ಕೇಳುವುದಿಲ್ಲ.

ತಿರುವಿನಲ್ಲಿ ಬ್ರೇಕಿನ ಸದ್ದಾಯಿತು. ಹೋಗಬೇಕು.

ಫೋನು ನನ್ನ ತೊಡೆಯ ಮೇಲಿರುತ್ತದೆ, ಗಂಟೆ ಜೋರಾಗಿ ಇಟ್ಟಿದ್ದೇನೆ. ಪುಟ್ಟಿ ಎದ್ದರೆ ಏಳಲಿ. ಪೆಟ್ಟಿಗೆ ಒಡೆದು ನಿನ್ನ ಫೋನು ತೆಗೆ, ಇಲ್ಲ ಬಸ್ಸಣ್ಣನದನ್ನು ಕಿತ್ತುಕೋ. ಬೈಯಲಿಕ್ಕಾದರೂ ಮಾಡು. ಮಾತು ಬೇಡವೆಂದರೆ ಒಂದು ಸಿಳ್ಳೆ ಹಾಕಿ ಇಟ್ಟುಬಿಡು, ನನಗೆ ಅಷ್ಟು ಸಾಕು. ಬೆಳಗಾಗುವ ಮೊದಲು ಮಾಡು, ಇಸ್ತ್ರಿ. ಬೆಳಗಾಗುವ ಮೊದಲು.

ಚೀಟಿ